ಮುಂದಿನ ಕೈ ಗಾಜಣ್ಣ

ಗಾಜಣ್ಣನನ್ನು ಮೊದಲ ಸಲ ನೋಡಿದಾಗ ಕಳ್ಳ ಅಂದುಕೊಂಡಿದ್ದೆ. ಬರೀ ಅಂದುಕೊಂಡು ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಹೋಗಿ ಹೇಳಿಯೂ ಬಂದೆ, ಅದೂ ಹೇಳಬಾರದವರ ಹತ್ತಿರ.

ಗಾಜಿನ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿ, ಹತ್ತಿರದ ಬೀದಿಯಲ್ಲೊಂದು ಮಹಡಿ ಕೋಣೆ ಹಿಡಿದ ಹೊಸತು. ಬೆಳಗ್ಗೆ ಹಲ್ಲುಜ್ಜುತ್ತಾ ಕಿಟಕಿಗೆ ಬಂದರೆ ಕೆಳಗೆ ಐವತ್ತು ದಾಟಿದ ಒಬ್ಬ ಆಸಾಮಿ. ಬಿಸಿಲಿದ್ದರೂ ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದಾನೆ. ಒಂದು ಕೈ ಗೋಡೆಯ ಮೇಲೆ. ಎಡಗಾಲು ಒಂಚೂರು ಎಳೆಯುತ್ತಾ ಒಂದೊಂದು ಮನೆಯ ಮುಂದೂ ನಿಲ್ಲುತ್ತಾನೆ, ಕಿಟಕಿಯನ್ನು ಮೇಲಿಂದ ಕೆಳಗೆ ನೋಡುತ್ತಾನೆ, ಚೌಕಟ್ಟಿನ ಮೂಲೆಯನ್ನು ಹೆಬ್ಬೆರಳಿಂದ ಒತ್ತುತ್ತಾನೆ, ಮುಂದಿನ ಮನೆಗೆ ಹೋಗುತ್ತಾನೆ. ಪತ್ತೇದಾರಿ ಕತೆ ಓದಿ ಕೆಟ್ಟ ತಲೆ ನನ್ನದು. ಕುಂಟುವುದು ನಾಟಕ, ಟೋಪಿ ಮುಖ ಮರೆಸಲು, ಸಡಿಲವಾದ ಕಿಟಕಿ ಹುಡುಕುತ್ತಿದ್ದಾನೆ ಎಂದು ಪೇಸ್ಟಿನ ನೊರೆ ಒಣಗುವಷ್ಟರಲ್ಲಿ ತೀರ್ಪು ಕೊಟ್ಟುಬಿಟ್ಟೆ.

ಅಂಗಡಿಗೆ ಹೋದವನೇ ಮಾಲೀಕರ ಕಿವಿಯ ಹತ್ತಿರ ಬಗ್ಗಿದೆ.

"ಚೌಕಟ್ಟು ಒತ್ತಿ ನೋಡ್ತಾನಾ?" ಅವರು ಕೇಳಿದರು.

"ಹೌದು ಸಾರ್. ಮೂಲೆ ಮೂಲೆ."

ಮಾಲೀಕರು ನಕ್ಕ ರಭಸಕ್ಕೆ ಕನ್ನಡಕ ಮೂಗಿನ ತುದಿಗೆ ಬಂತು. "ಅಯ್ಯೋ ಬುದ್ಧಿವಂತ! ಅವನು ನಮ್ಮ ಗಾಜಣ್ಣ ಕಣಯ್ಯ. ಆ ಬೀದಿ ಗಾಜೆಲ್ಲಾ ಅವನೇ ಕೂರಿಸಿದ್ದು. ಗಾಜಿಗೆ ಮೆತ್ತಿದ ಪುಟ್ಟಿ ಬಿಟ್ಟಿದೆಯಾ ಅಂತ ನೋಡ್ಕೊಂಡು ಓಡಾಡ್ತಾನೆ." ಆಮೇಲೆ ನಗು ನಿಲ್ಲಿಸಿ, "ತಲೆ ಆಪರೇಷನ್ ಆಗಿದೆ. ಮೆದುಳಲ್ಲಿ ಗಡ್ಡೆ. ಕ್ಯಾನ್ಸರ್" ಅಂದರು.

ಕಳ್ಳನಾಗಿದ್ದವರು ಆ ಕ್ಷಣದಿಂದ ನನ್ನ ಬಾಯಲ್ಲಿ ಬಹುವಚನಕ್ಕೆ ಬಡ್ತಿ ಪಡೆದರು. ನನಗೂ ಒಂದು ಬಡ್ತಿ ಸಿಕ್ಕಿತು. ಗಾಜು ಕೊಯ್ಯುವವರಿಂದ ಹಿಡಿದು ಗುಡಿಸುವ ಅಮ್ಮನವರೆಗೆ ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಪತ್ತೇದಾರ ಅಂತಲೇ ಕರೆಯತೊಡಗಿದರು.

ನಮ್ಮಲ್ಲಿ ಕೆಲಸ ನಡೆಯುವ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಂಗಡಿಮುಂಗಟ್ಟಿಗೆ ಹಾಕುವಂಥ ದೊಡ್ಡ ಗಾಜನ್ನು ಚೌಕಟ್ಟಿನ ಸಮೇತ ಹೊರಲು ಇಬ್ಬರು ಬೇಕು. ಮುಂದೆ ಹಿಡಿಯುವವನು ಮುಂದಿನ ಕೈ, ಹಿಂದೆ ಹಿಡಿಯುವವನು ಹಿಂದಿನ ಕೈ. ದಾರಿ ನೋಡುವುದು ಮುಂದಿನ ಕೈ. "ಮೆಟ್ಟಿಲು," "ತಂತಿ," "ನಿಲ್ಲು" ಎಂದು ಕೂಗುವುದೂ ಅವನೇ. ಹಿಂದಿನ ಕೈ ಅವನ ಕತ್ತನ್ನು ನೋಡುತ್ತಾ ಬಾಯಿ ಮುಚ್ಚಿಕೊಂಡು ಬರಬೇಕು. ಹಿಂದಿನವನು ದಾರಿ ಹೇಳಿದನೆಂದರೆ ಮುಂದಿನ ಕೈಗೆ ಕಪಾಳಕ್ಕೆ ಹೊಡೆದಷ್ಟೇ ಅವಮಾನ. ಗಾಜು ಹೊತ್ತವರನ್ನು ಯಾರೂ ಕೂಗಿ ಕರೆಯಬಾರದು, ಮುಟ್ಟಬಾರದು. ಬೆಚ್ಚಿದರೆ ಮುಗಿಯಿತು. ಇನ್ನು ಒರೆಸುವ ವಿಷಯಕ್ಕೆ ಬಂದರೆ, ಗಾಜು ಇದೆ ಅಂತಲೇ ಗೊತ್ತಾಗಬಾರದು ಎನ್ನುವುದು ಮಾಲೀಕರ ಹಟ. ಅದು ಎಷ್ಟರಮಟ್ಟಿಗೆ ನೆರವೇರುತ್ತಿತ್ತು ಎಂಬುದಕ್ಕೆ ಸೇರಿದ ಹೊಸತರಲ್ಲಿ ಬಾಗಿಲಿಗೆ ಹೊಡೆದುಕೊಂಡ ನನ್ನ ಮೂಗೇ ಸಾಕ್ಷಿ.

ಗಾಜಣ್ಣ ಮುಂದಿನ ಕೈ. ಅವರ ಹಿಂದಿನ ಕೈಗೆ ಅಂಗಡಿಯಲ್ಲಿಟ್ಟ ಹೆಸರು ಮೂಗ. ಮಾತು ಬರುತ್ತದೆ, ಆದರೆ ಇಷ್ಟು ವರ್ಷ ಹಿಂದೆ ನಡೆದು ನಡೆದು ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಕಾಯಿಲೆಯನ್ನು ಮೊದಲು ಕಂಡವನೂ ಅವನೇ. ಗಾಜಣ್ಣ ಮೆಟ್ಟಿಲೇ ಇಲ್ಲದ ಕಡೆ "ಮೆಟ್ಟಿಲು" ಅನ್ನತೊಡಗಿದರು. ಬಾಗಿಲು ದಾಟುವಾಗ ಎಡಗಡೆಯ ಕಂಬಕ್ಕೆ ಮತ್ತೆ ಮತ್ತೆ ತಾಗಿಸಿದರು. ಕುಡಿದಿರಬೇಕು ಎಂಬ ಗುಮಾನಿಯಲ್ಲಿ ಮಾಲೀಕರು ಹತ್ತಿರ ಹೋಗಿ ಬಾಯಿ ಮೂಸಿ ನೋಡಿದರಂತೆ. ವಾಸನೆ ಇರಲಿಲ್ಲ. ಕುಡುಕರಿಗೆ ಈಗ ವಾಸನೆ ಬರದ ಮಾಲೂ ಸಿಗುತ್ತದೆ ಎಂದು ಗುಮಾನಿಯನ್ನು ಹಾಗೇ ಇಟ್ಟುಕೊಂಡರಂತೆ. ಕೊನೆಗೆ ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ತಲೆ ತೆರೆದರು, ತೆಗೆಯಲು ಆದಷ್ಟು ತೆಗೆದರು, ಆಮೇಲೆ ರೇಡಿಯೇಷನ್ ಕಿರಣ ಕೊಟ್ಟರು, ಮಾತ್ರೆ ಕೊಟ್ಟರು. ಆಳೆತ್ತರದ ಗಾಜು ಎತ್ತುತ್ತಿದ್ದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಂಡು ಸುಸ್ತಾಗಿ ಮಂಚದ ಮೇಲೆ ಕೂರುವಂತಾಯಿತು.

ಇದನ್ನೆಲ್ಲ ನನಗೆ ಹೇಳಿದ್ದು ಅವರ ಹೆಂಡತಿ. ನಾನು ಅತ್ತಿಗೆ ಅನ್ನುತ್ತೇನೆ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ಹರಿದದ್ದನ್ನು ಹರಿದಿಲ್ಲವೆಂಬಂತೆ ಮಾಡುವುದು ಅವರ ಕೆಲಸ. ಹೊಲಿಗೆ ಮಿಷನ್ನು ಬೀದಿಯ ಕಿಟಕಿಗೆ ಅಂಟಿಕೊಂಡೇ ಇತ್ತು. ಸೂಜಿಯ ಮೇಲೊಂದು ಕಣ್ಣು, ಗಂಡನ ಮೇಲೊಂದು ಕಣ್ಣು.

ನಾನು ಕಳ್ಳನ ಗುರುತು ಹಿಡಿದು ಸ್ವಲ್ಪ ದಿನವಾಗಿತ್ತು, ಗಾಜಣ್ಣ ಬೇಕರಿಯ ಮುಂದೆ ಬಿದ್ದರು. ಫಿಟ್ಸ್. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಟೋಪಿ ಚರಂಡಿಯ ಪಕ್ಕ ಬಿದ್ದಿತ್ತು. ಓಡಿಹೋದವರಲ್ಲಿ ನಾನೂ ಒಬ್ಬ. ಓಡಿಹೋಗಿ ಮಾಡಿದ್ದು ಮಾತ್ರ ಟೋಪಿ ಎತ್ತಿಕೊಂಡು ನಿಂತದ್ದು. ಅತ್ತಿಗೆ ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದರು. ಗಂಡನನ್ನು ಒಂದು ಮಗ್ಗುಲಿಗೆ ಹೊರಳಿಸಿ ಕೂತರು. ಅಳಲಿಲ್ಲ. ಆದರೆ ಮಾರನೆಯ ದಿನದಿಂದ ಬಾಗಿಲಿಗೆ ಅಗಳಿ ಬಿತ್ತು. ಗಾಜಣ್ಣನ ಎಡಗಾಲಿನ ಶೂ ಮಿಷನ್ನಿನ ಡ್ರಾಯರು ಸೇರಿತು. ಬಲಗಾಲಿನದು ಬಾಗಿಲಲ್ಲೇ ಇತ್ತು.

"ಒಂದೇ ಶೂ ಯಾಕೆ ಅತ್ತಿಗೆ?"

"ಎರಡೂ ಬಚ್ಚಿಟ್ರೆ ಕಳೆದುಹೋಯ್ತು ಅಂತ ಹೊಸದು ತರಿಸ್ಕೋತಾರೆ. ಒಂದು ಕಣ್ಣೆದುರಿಗಿದ್ರೆ ಇನ್ನೊಂದನ್ನ ಹುಡುಕ್ತಾ ಮನೇಲೇ ಇರ್ತಾರೆ."

ಮಂಚದಿಂದ ಗಾಜಣ್ಣನ ದನಿ ಬಂತು. "ಆಸ್ಪತ್ರೇಲಿ ವ್ಯಾಯಾಮದ ಮೇಡಂ ಹೇಳಿದಾರೆ ಕಣೇ. ದಿನಾ ನಡೀರಿ, ಜೊತೆಗೊಬ್ಬರು ಇರ್ಲಿ ಅಂತ."

"ಯಾವ ಮೇಡಮ್ಮೂ ಹೇಳಿಲ್ಲ. ನೀವೇ ಹುಟ್ಟಿಸ್ಕೊಂಡಿದ್ದು."

ಅತ್ತಿಗೆಯ ಅನುಮಾನಕ್ಕೆ ಕಾರಣವಿತ್ತು. ಆಪರೇಷನ್ ಆದ ಮೇಲೆ ಗಾಜಣ್ಣ ಒಮ್ಮೊಮ್ಮೆ ಆಗದೇ ಇದ್ದದ್ದನ್ನು ಆಯಿತು ಅನ್ನುತ್ತಿದ್ದರು. ಊಟ ಮಾಡದೆ ಮಾಡಿದೆ ಅಂದದ್ದಿತ್ತು. ಎಂದೋ ತೀರಿಹೋದ ತಮ್ಮ ಬಂದು ಕಾಲ ಬಳಿ ಕೂತಿದ್ದ ಎಂದು ಹೇಳಿ ಮನೆಯವರ ಎದೆ ಝಲ್ಲೆನಿಸಿದ್ದೂ ಇತ್ತು. ವ್ಯಾಯಾಮದ ಕೋಣೆಗೆ ರೋಗಿಯನ್ನು ಮಾತ್ರ ಬಿಡುತ್ತಿದ್ದರು, ಅತ್ತಿಗೆ ಹೊರಗಿನ ಬೆಂಚಿನ ಮೇಲೆ. ಒಳಗೆ ಯಾರು ಏನು ಹೇಳಿದರೋ ಕಂಡವರಿಲ್ಲ.

ಅತ್ತಿಗೆ ಒಳಗೆ ಹೋದಾಗ ಗಾಜಣ್ಣ ಬೆರಳು ಮಡಚಿ ನನ್ನನ್ನು ಕರೆದರು. "ಬಾರೋ ಪತ್ತೇದಾರ. ನೀನು ಯಾರ ಕಡೆ?"

"ಯಾರ ಕಡೆನೂ ಇಲ್ಲಣ್ಣ."

"ಹಾಗಾದ್ರೆ ಎರಡೂ ಕಡೆ." ದನಿ ತಗ್ಗಿಸಿದರು. "ನಗ್ತಾ ಬರೋರನ್ನ ಕಂಡ್ರೆ ನಂಗೆ ಗುಮಾನಿ ಕಣೋ. ಮೊದಲು ಇವರ್ಯಾರೂ ನನ್ನ ನೋಡಿ ನಗ್ತಿರ್ಲಿಲ್ಲ. ಈಗ ಮಾಲೀಕನೂ ನಗ್ತಾನೆ! ಡಾಕ್ಟ್ರು ಇವಳಿಗೆ ಏನೋ ಹೇಳಿದಾರೆ. ಅದಕ್ಕೇ ಮಲಗಿಸಿಟ್ಟಿದಾಳೆ. ಸಾಮಾನು ಲಾರಿಗೆ ಏರಿಸೋವರೆಗೆ ಮೂಲೇಲಿ ಒರಗಿಸಿಡ್ತಾರಲ್ಲ, ಹಾಗೆ."

"ಹಾಗೇನಿಲ್ಲಣ್ಣ."

"ನೋಡು, ನೀನೂ ನಕ್ಕೆ."

ಬಾಯಿ ಮುಚ್ಚಿಕೊಂಡೆ. ಅವರು ಗೋಡೆಯ ಕಡೆ ತಿರುಗಿ ಮತ್ತೂ ಹೇಳಿದರು. "ಆ ಮೇಡಂ ಹೇಳಿದ್ದು ನಿಜಾನೋ, ನಾನೇ ಕಟ್ಟಿದ್ದೋ, ಒಂದೊಂದ್ಸಲ ನಂಗೂ ಅನುಮಾನ. ಆದ್ರೆ ಮಲಗಿದಷ್ಟೂ ಸುಸ್ತು ಜಾಸ್ತಿ ಆಗೋದು ಮಾತ್ರ ನಾನು ಕಟ್ಟಿದ್ದಲ್ಲ. ಇನ್ನೊಂದಿಷ್ಟು ದಿನ ಹಿಂಗೇ ಮಲಗಿದ್ರೆ ಏಳೋದೇ ಮರ್ತುಹೋಗುತ್ತೆ."

ಇದಾಗಿ ಕೆಲವು ವಾರಕ್ಕೆ ಮಾಲೀಕರ ಮೂಗು ಮತ್ತೆ ವಾಸನೆ ಹಿಡಿಯಿತು. ಮಧ್ಯಾಹ್ನ ಊಟಕ್ಕೆ ಹೋದ ಮೂಗ ತಡವಾಗಿ ಬರುತ್ತಿದ್ದಾನೆ. ಬಂದಾಗ ಬೆವರಿರುತ್ತಾನೆ. ಊಟ ಮಾಡಿ ಯಾವನಾದರೂ ಬೆವರುತ್ತಾನೆಯೇ? ಮೇಲಾಗಿ ಗುಜರಿ ಕೋಣೆಯಲ್ಲಿದ್ದ ದೊಡ್ಡದೊಂದು ಮರದ ಚೌಕಟ್ಟು ಕಾಣುತ್ತಿಲ್ಲ. ಎಲ್ಲವನ್ನೂ ಕೂಡಿಸಿ ಮಾಲೀಕರು ಉತ್ತರ ತೆಗೆದರು: ಮೂಗ ನಮ್ಮ ಗಿರಾಕಿಗಳಿಗೆ ಹೊರಗಿಂದಲೇ ಕೆಲಸ ಮಾಡಿಕೊಡುತ್ತಿದ್ದಾನೆ.

"ನೀನು ಹೇಗೂ ಪತ್ತೇದಾರ. ಅವನ ಹಿಂದೆ ಸ್ವಲ್ಪ ಹೋಗಿ ನೋಡಯ್ಯ" ಅಂದರು.

ಅದೇ ಸಂಜೆ ಪ್ಯಾಂಟು ತರಲು ಹೋದರೆ ಅತ್ತಿಗೆ ಡ್ರಾಯರು ಎಳೆದು ತೋರಿಸಿದರು. ಎಡಗಾಲಿನ ಶೂ ಇಟ್ಟಲ್ಲೇ ಇದೆ. ಅಡಿಯಲ್ಲಿ ಹಸಿ ಮಣ್ಣು.

"ಮಧ್ಯಾಹ್ನ ಹೊಲಿದ ಬಟ್ಟೆ ಕೊಡೋಕೆ ಹೋಗ್ತೀನಲ್ಲ, ಆಗ ಯಾರೋ ಬಂದು ಬಾಗಿಲು ತೆಗೆಸ್ತಾರೆ. ನಾನು ಬರೋಷ್ಟರಲ್ಲಿ ಇವರ ಅಂಗಿ ಕಾಲರ್ ಒದ್ದೆ, ಅಂಗೈ ಕಪ್ಪು. ಕೇಳಿದ್ರೆ ಮಲಗಿದ್ದೆ ಅಂತಾರೆ. ಆ ಮೂಗ ಇವರನ್ನ ಗಾಜು ಹೊರೋಕೆ ಕರ್ಕೊಂಡು ಹೋಗ್ತಿದಾನೆ ಕಣಪ್ಪ. ಗಾಜು ಹಿಡ್ಕೊಂಡಿರೋವಾಗ ಫಿಟ್ಸ್ ಬಂದ್ರೆ?" ಮುಂದೆ ಹೇಳಲಾಗದೆ ಡ್ರಾಯರನ್ನು ದಡಕ್ಕೆಂದು ಮುಚ್ಚಿದರು. "ನೀನು ನೋಡಿ ಬಂದು ಹೇಳು."

ಹೀಗೆ ಒಂದೇ ದಿನ ಎರಡು ಕಡೆಯ ಬೇಹುಗಾರನಾದೆ. ಸಂಬಳ ಮಾತ್ರ ಬಿಲ್ ಬರೆಯುವವನದೇ.

ಮಾರನೆಯ ಮಧ್ಯಾಹ್ನ ಮೂಗನ ಹಿಂದೆ ಹೊರಟೆ. ಕತೆಗಳಲ್ಲಿ ಪತ್ತೇದಾರರು ಕಂಬದ ಮರೆಯಲ್ಲಿ ನಿಲ್ಲುತ್ತಾರೆ. ನನ್ನ ಹೊಟ್ಟೆ ಮರೆಯಾಗುವಂಥ ಕಂಬ ಈ ಊರಿನಲ್ಲಿಲ್ಲ. ಹೇಗೋ ಹಾಲಿನ ಡಬ್ಬಿಗಳ ಹಿಂದೆ, ನಿಂತ ವ್ಯಾನಿನ ಹಿಂದೆ ಕುಪ್ಪಳಿಸುತ್ತಾ ಹೋದೆ. ಮೂಗ ಸೀದಾ ಗಾಜಣ್ಣನ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಇಬ್ಬರೂ ಹಿತ್ತಲ ಬಾಗಿಲಿಂದ ಹೊರಬಿದ್ದರು. ಗಾಜಣ್ಣನ ಕಾಲಲ್ಲಿ ಎರಡೂ ಶೂ. ಮನೆಗಳ ಬೆನ್ನಿಗೆ ಒಂದು ಮುಚ್ಚಿದ ಗೋದಾಮಿನ ಅಂಗಳವಿದೆ. ಅಲ್ಲಿ ಗೋಡೆಗೆ ಒರಗಿಸಿದ್ದ ಚೀಲಗಳನ್ನು ಸರಿಸಿದರು.

ಚೌಕಟ್ಟು ಹೊರಬಂತು. ಇಬ್ಬರೂ ಬಗ್ಗಿದರು, ಒಟ್ಟಿಗೇ ಎದ್ದರು, ಒಂದು ಕ್ಷಣ ತೂಕ ಸರಿಮಾಡಿಕೊಂಡರು. ಗಾಜು ಹೊತ್ತವರು ಮಾತ್ರ ನಡೆಯುವ ಹಾಗೆ, ಪಾದ ನೆಲವನ್ನು ಕೇಳಿ ಕೇಳಿ ಇಡುವ ಹಾಗೆ, ಹೊರಟರು. ಮುಂದಿನ ಕೈ ಗಾಜಣ್ಣನೇ. ಬಿಸಿಲು ಬೇರೆ. ಗಾಜೇ ಕಾಣದಷ್ಟು ಒರೆಸಿದ್ದಾನೆ, ಏನು ಕೈಚಳಕ ಈ ಮೂಗನದು ಎಂದು ನನಗೆ ಒಳಗೊಳಗೇ ಮೆಚ್ಚುಗೆಯೂ ಆಯಿತು. ಆಮೇಲೆ ಮೂಗ ಬಾಯಿ ಬಿಟ್ಟದ್ದು ಕೇಳಿತು.

"ಎಡಕ್ಕೆ ಗುಂಡಿ, ಅಣ್ಣ. ಎಡಗೈ ಬಿಡ್ತಾ ಇದೀಯ. ಎಡಗೈ!"

ಹಿಂದಿನ ಕೈ ದಾರಿ ಹೇಳುತ್ತಿದ್ದಾನೆ! ಎಂದರೆ ಮುಂದಿನ ಕೈಗೆ ಎಡಬದಿ ಕಾಣುತ್ತಿಲ್ಲ. ಮಾಲೀಕರ ಮಾತು ಮರೆತೇ ಹೋಯಿತು, ಬಟ್ಟೆ ಕೊಡಲು ಹೊರಟಿದ್ದ ಅತ್ತಿಗೆಯನ್ನು ಅಡ್ಡಗಟ್ಟಲು ಓಡಿದೆ.

ಅತ್ತಿಗೆ ಬಟ್ಟೆಗಂಟು ಸಮೇತ ಬಂದರು. ಅಂಗಳದ ತುದಿಯಲ್ಲಿ ನಿಂತು ಕೂಗಲು ಬಾಯಿ ತೆರೆದರು. ಗಾಜಿನವರ ಹೆಂಡತಿ, ಕೂಗಬಾರದೆಂಬುದು ನೆನಪಾಗಿ ಹಾಗೇ ಮುಚ್ಚಿಕೊಂಡರು. ಗಂಟನ್ನು ನನ್ನ ಕೈಗೆ ತುರುಕಿ, ಸದ್ದಾಗದಂತೆ ಸುತ್ತಿ, ಚೌಕಟ್ಟಿನ ಆಚೆ ಬದಿಗೆ ನಡೆದರು. ಅಷ್ಟರಲ್ಲಿ ಗಾಜಣ್ಣನ ಎಡಗಾಲು ಎದ್ದು ನಿಂತ ಕಲ್ಲಿಗೆ ಎಡವಿತು. ಚೌಕಟ್ಟು ವಾಲಿತು.

ಗಾಜಿನಂಗಡಿಯವನಿಗೆ ಎಲ್ಲಕ್ಕಿಂತ ಮೊದಲು ಕಲಿಸುವುದು, ಜಾರಿದರೆ ಕಣ್ಣು ಮುಚ್ಚಿ ಮುಖ ತಿರುಗಿಸು ಎಂಬುದನ್ನು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಚೀಲಗಳ ರಾಶಿಗೆ ಮುಖ ಹಾಕಿ ಬಿದ್ದೆ. ಚೂರಾಗುವ ಸದ್ದಿಗೆ ಕಾದೆ. ಸದ್ದೇ ಇಲ್ಲ. ತಲೆಯೆತ್ತಿ ನೋಡಿದರೆ ಅತ್ತಿಗೆಯ ಕೈ ಗಾಜಿನೊಳಗಿಂದ ತೂರಿ ಗಂಡನ ಅಂಗಿಯ ಎದೆಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಹಿಂದಿನಿಂದ ಮೂಗ ಗಾಜಣ್ಣನ ಬೆಲ್ಟು ಹಿಡಿದಿದ್ದ. ಗಾಜೇ ಇರಲಿಲ್ಲ.

"ಗಾಜು ಎಲ್ಲಿ?" ಅತ್ತಿಗೆ ಕೇಳಿದರು. ಕೈ ಇನ್ನೂ ಒಳಗೇ ಇತ್ತು.

"ಗಾಜು ಯಾಕೆ? ನಾನೇನು ಹುಚ್ಚನಾ?" ಗಾಜಣ್ಣ ಏದುಸಿರು ಬಿಡುತ್ತಿದ್ದರು.

"ಹುಚ್ಚರಲ್ದೆ ಖಾಲಿ ಚೌಕಟ್ಟು ಹೊತ್ಕೊಂಡು ಯಾರು ತಿರುಗ್ತಾರೆ?"

"ಮತ್ತೇನು ಮಾಡ್ಲಿ? ಜೊತೆಗೊಬ್ಬರು ಬೇಕು ಅಂದ್ರು ಮೇಡಂ. ತೋಳು ಹಿಡ್ಕೊಂಡು ನಡೆಸಿದ್ರೆ ಪೊಲೀಸ್ನೋರು ಕಳ್ಳನ್ನ ಕರ್ಕೊಂಡು ಹೋದಂಗಿರುತ್ತೆ. ಇದಾದ್ರೆ ಹಿಂದೆ ಇವನಿರ್ತಾನೆ. ಎಡಗೈ ಮರೆತರೆ ಚೌಕಟ್ಟು ವಾಲುತ್ತೆ, ಗೊತ್ತಾಗುತ್ತೆ. ಬಿದ್ರೆ ಹಿಡ್ಕೋತಾನೆ. ಹಿಡ್ದ, ನೋಡ್ಲಿಲ್ವಾ?"

"ಹಿಡಿದಿದ್ದು ನಾನು!"

"ನಾನೂ ಹಿಡಿದೆ ಅತ್ತಿಗೆ" ಅಂದ ಮೂಗ. ಅವನು ಒಂದೇ ದಿನ ಎರಡನೆಯ ಸಲ ಬಾಯಿ ಬಿಟ್ಟದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಆಮೇಲೆ ಗಾಜಣ್ಣ ಕೇಳಿದರು, ಜಗಳದ ದನಿಯಲ್ಲಲ್ಲ. "ಡಾಕ್ಟ್ರು ನಿಂಗೆ ಏನು ಹೇಳಿದಾರೆ? ಹೇಳಿಬಿಡೇ."

"ನಿಮ್ಮೆದುರಿಗೆ ಹೇಳಿದ್ದೇ ಹೇಳಿದಾರೆ. ಬೇರೆ ಏನೂ ಇಲ್ಲ."

"ಮತ್ತೆ ಯಾಕೆ ಮಲಗಿಸಿಟ್ಟಿದೀಯ?"

"ಬೇಕರಿ ಮುಂದೆ ನೀವು ಬಿದ್ದಿದ್ದನ್ನ ನೀವು ನೋಡಿಲ್ಲ. ನಾನು ನೋಡಿದೀನಿ." ಅಂಗಿ ಬಿಟ್ಟರು. ನಾನು ಬಟ್ಟೆಗಂಟು ಕೊಡಲು ಅತ್ತಿಗೆಯ ಹತ್ತಿರ ಹೋದೆ, ಇಷ್ಟೆಲ್ಲಾ ನೋಡಿದ ಮೇಲೂ ಚೌಕಟ್ಟನ್ನು ಸುತ್ತು ಹಾಕಿಕೊಂಡೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅತ್ತಿಗೆ ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲಲ್ಲಿದ್ದವರು ಬೇಡವೆಂದರೂ ವ್ಯಾಯಾಮದ ಕೋಣೆಗೆ ನುಗ್ಗಿದರು. ಗಂಡನನ್ನು ಹೊರಗೆ ಕಳಿಸಿ, ಮೇಡಂ ಅವರನ್ನು ಸಾಕ್ಷಿಯ ಪಾಟೀಸವಾಲು ಮಾಡುವ ವಕೀಲರ ಹಾಗೆ ಒಂದೊಂದೇ ಕೇಳಿದರಂತೆ. ಮೇಡಂ ಒಪ್ಪಿಕೊಂಡರಂತೆ: ಹೌದು, ನಡೀರಿ ಅಂದಿದ್ದೆ. ಹೌದು, ಒಬ್ಬರನ್ನೇ ಬಿಡಬೇಡಿ ಅಂದಿದ್ದೆ. ಫಿಟ್ಸಿನ ಮಾತ್ರೆ ತಪ್ಪಿಸಬಾರದು, ಮೆಟ್ಟಿಲು ಹತ್ತುವಾಗ ಜೊತೆಗಿರಬೇಕು, ದಣಿದರೆ ನಿಲ್ಲಬೇಕು. ಈ ಕಾಯಿಲೆಯ ಸುಸ್ತು ನಿದ್ದೆಯಿಂದಷ್ಟೇ ಹೋಗುವುದಿಲ್ಲ, ತಡೆಯುವಷ್ಟು ಓಡಾಟ ಇದ್ದರೆ ಎಷ್ಟೋ ಜನರಿಗೆ ಹಗುರಾಗುತ್ತದೆ, ಕಾಲಿಗೆ ಬಲ ಉಳಿಯುತ್ತದೆ, ಮನಸ್ಸಿಗೂ ಒಳ್ಳೆಯದು. ಎಲ್ಲರಿಗೂ ಒಂದೇ ಥರ ಅಲ್ಲ. ಖಾಲಿ ಚೌಕಟ್ಟಿನ ಸುದ್ದಿ ಕೇಳಿ ಮೇಡಂ ನಕ್ಕರಂತೆ. ಆಮೇಲೆ ಅದರ ತೂಕ ಎಷ್ಟು, ನೆಲ ಸಮ ಇದೆಯಾ, ಹಿಂದಿರುವವರಿಗೆ ಹಿಡಿಯುವ ಶಕ್ತಿ ಇದೆಯಾ ಎಂದು ವಿಚಾರಿಸಿ, ಕಲ್ಲಿಲ್ಲದ ಜಾಗ ನೋಡಿಕೊಳ್ಳಿ ಅಂದರಂತೆ.

ಬಸ್ಸಿನಲ್ಲಿ ಬರುವಾಗ ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನೀವು ಹೇಳಿದ್ದು ನಿಜ" ಅಂದರಂತೆ. ಗಾಜಣ್ಣ ಇದನ್ನು ನನಗೆ ಹೇಳುವಾಗ ಟೋಪಿ ತೆಗೆದು, ತಲೆಯ ಮೇಲಿನ ಆಪರೇಷನ್ ಗುರುತನ್ನು ಅಂಗೈಯಿಂದ ಮೆಲ್ಲಗೆ ಸವರಿಕೊಂಡರು. "ಇದೊಂದು ಸಲ ಸುಳ್ಳು ಹೇಳಿಲ್ಲ ನೋಡು ಈ ತಲೆ."

ಈಗ ಚೌಕಟ್ಟು ಬೀದಿಗೆ ಬಂದಿದೆ. ಮುಂದೆ ಗಾಜಣ್ಣ, ಹಿಂದೆ ಮೂಗ, ಎಡಗಡೆ ಅತ್ತಿಗೆ. ಅತ್ತಿಗೆಯ ಅನುಮಾನ ಪೂರ್ತಿ ಹೋಗಿದೆ ಎಂದೇನಲ್ಲ. ಗಂಡನ ಮುಖವನ್ನು ಹೊಲಿಗೆ ಬಿಟ್ಟಿದೆಯೇ ಎಂದು ನೋಡುವ ಹಾಗೆ ನೋಡುತ್ತಲೇ ಇರುತ್ತಾರೆ. ಎಲ್ಲ ದಿನವೂ ಆಗುವುದಿಲ್ಲ. ಕಿರಣದ ಆಯಾಸವೋ ಮಾತ್ರೆಯ ಸಂಕಟವೋ, ಕೆಲವು ದಿನ ಮಂಚದಿಂದ ಬಾಗಿಲಿಗೆ ಬಂದರೆ ಅದೇ ದೊಡ್ಡದು. ಬೀದಿಯವರು ಚೌಕಟ್ಟು ಬಂದರೆ ಸೈಕಲ್ ಇಳಿದು ದಾರಿ ಬಿಡುತ್ತಾರೆ. ಗಾಜಿಲ್ಲವೆಂದು ಗೊತ್ತಿದ್ದವರೂ ಬಿಡುತ್ತಾರೆ.

ಒಂದು ಮಧ್ಯಾಹ್ನ ಮಾಲೀಕರೇ ಬಂದರು. ಚೌಕಟ್ಟು ಖಾಲಿ ಎಂದು ನಾನು ಹೇಳಿದ್ದನ್ನು ಅವರು ನಂಬಿರಲಿಲ್ಲ. ನನ್ನ ಪತ್ತೇದಾರಿಕೆಯ ಹಿಂದಿನ ಇತಿಹಾಸ ಅವರಿಗೆ ಗೊತ್ತಲ್ಲ. ಚೌಕಟ್ಟಿನ ಹತ್ತಿರ ಬಂದು ಒಂದು ಬೆರಳು ತೂರಿಸಿದರು. ಕೈ ತೂರಿಸಿದರು. ತಲೆಯನ್ನೂ ಒಂದಿಷ್ಟು ಒಳಗಿಟ್ಟು ಮೂಗನ ಮುಖ ನೋಡಿದರು. ಕಳ್ಳ ಕೆಲಸದ ಅನುಮಾನ ಹೋಯಿತು. ಆದರೆ ಅನುಮಾನವಿಲ್ಲದೆ ಅವರಿಗೆ ನಿಲ್ಲಲು ಬರುವುದಿಲ್ಲ.

"ಇದರಿಂದ ಏನು ಬರುತ್ತೋ ಗಾಜಣ್ಣ?" ಅಂದರು. "ಬೇಜಾರು ಮಾಡ್ಕೋಬೇಡ. ಇಷ್ಟೆಲ್ಲಾ ಹೆಣಗಿದ್ರೆ ಗಡ್ಡೆ ಕರಗಿಬಿಡುತ್ತಾ?"

ಅತ್ತಿಗೆ ಬೇರೆ ಕಡೆ ನೋಡಿದರು. ಮೂಗ ಚೌಕಟ್ಟಿನ ಹಿಡಿತ ಸರಿಮಾಡಿಕೊಂಡ. ಆ ಮನೆಯಲ್ಲಿ ಎಲ್ಲರ ಎದೆಯಲ್ಲೂ ಇದ್ದು ಯಾರ ಬಾಯಿಗೂ ಬಾರದ ಪ್ರಶ್ನೆ ಅದು. ನಾನು ಚಪ್ಪಲಿಯ ಉಂಗುಷ್ಟವನ್ನು ಎಂದೂ ನೋಡದವನ ಹಾಗೆ ನೋಡುತ್ತಾ ನಿಂತೆ.

ಗಾಜಣ್ಣ ಚೌಕಟ್ಟನ್ನು ಕೆಳಗಿಳಿಸಲಿಲ್ಲ.

"ಇಲ್ಲ. ಗಡ್ಡೆ ಕರಗಲ್ಲ. ಆದ್ರೆ ಈಗ ಕಕ್ಕಸಿಗೆ ಯಾರ ಕೈಯೂ ಹಿಡೀದೆ ನಾನೇ ಎದ್ದು ಹೋಗ್ತೀನಿ. ಈಗ ದಾರಿ ಬಿಡಿ, ಕೈ ನೋಯುತ್ತೆ."